ಗೇಮ್ ಮಬ್ಬಾಗಿ ಕಾಣುತ್ತಿದೆಯೇ? ಯಾವ ಸೆಟ್ಟಿಂಗ್‌ಗೆ ಕೈ ಹಾಕಬೇಕು, ಯಾವುದನ್ನು ಬಿಡಬೇಕು

ಗೇಮ್ ಮಬ್ಬು ಅನ್ನಿಸಿದ ಕೂಡಲೇ ಹೆಚ್ಚಿನವರು ಶಾರ್ಪನಿಂಗ್ ಸ್ಲೈಡರ್ ಹುಡುಕಿ ಬಲಕ್ಕೆ ಎಳೆದುಬಿಡುತ್ತಾರೆ. ಮೊದಲ ಐದು ನಿಮಿಷ ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತದೆ: ಕೊಂಬೆಗಳ ಸುತ್ತ ಬಿಳಿ ಅಂಚು, ಹುಲ್ಲಿನಲ್ಲಿ ನಿಲ್ಲದ ಮಿಣುಕು, ಪಾತ್ರಗಳ ಚರ್ಮದ ಮೇಲೆ ಇಲ್ಲದ ಒರಟು. ಮುಂದಿನ ರಸ್ತೆ ಮಾತ್ರ ಇದ್ದ ಹಾಗೇ ಮಬ್ಬು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಗೋಡೆ, ನೆಲದಂಥ ಮೇಲ್ಮೈಗೆ ಹೊದಿಸುವ ಟೆಕ್ಸ್ಚರ್ ಅನ್ನುವ ಚಿತ್ರ ಡಿಸ್ಕ್‌ನಿಂದ ಹೊರಟು ನಿಮ್ಮ ಕಣ್ಣು ಮುಟ್ಟುವಷ್ಟರಲ್ಲಿ ನಾಲ್ಕೈದು ಕಡೆ ವಿವರ ಕಳೆದುಕೊಳ್ಳಬಹುದು. ಗೇಮ್ ಅದರ ಸಣ್ಣ ಪ್ರತಿಯನ್ನೇ ಲೋಡ್ ಮಾಡಿರಬಹುದು. ಓರೆಯಾಗಿ ಕಾಣುವ ನೆಲಕ್ಕೆ ಫಿಲ್ಟರಿಂಗ್ ಸಾಲದಿರಬಹುದು. ಇಡೀ ದೃಶ್ಯವನ್ನು ಕಡಿಮೆ ರೆಸೊಲ್ಯೂಶನ್‌ನಲ್ಲಿ ಬಿಡಿಸಿ ಹಿಗ್ಗಿಸಿರಬಹುದು. ಟಿಎಎ (ಅಂಚಿನ ಮೆಟ್ಟಿಲುಗಳನ್ನು ನಯ ಮಾಡುವ ತಂತ್ರ) ಹಳೆಯ ಫ್ರೇಮ್‌ಗಳನ್ನು ಬೆರೆಸಿ ಅಂಚುಗಳನ್ನು ಸವೆಸಿರಬಹುದು. ಇಲ್ಲವೇ ತಪ್ಪು ಮಾನಿಟರ್‌ನದೇ ಇರಬಹುದು. ಶಾರ್ಪನಿಂಗ್ ಬರುವುದು ಇವೆಲ್ಲ ಮುಗಿದ ಮೇಲೆ. ಕಳೆದುಹೋದದ್ದನ್ನು ಅದು ತಂದುಕೊಡಲಾರದು, ಉಳಿದದ್ದರ ಅಂಚನ್ನು ಎತ್ತಿ ತೋರಿಸುತ್ತದೆ ಅಷ್ಟೆ. ಆದ್ದರಿಂದ ಯಾವ ಪರಿಹಾರ ಎಂದು ಆರಿಸುವ ಮೊದಲು ಮಬ್ಬು ಯಾವ ಹಂತದ್ದು ಎಂದು ಗೊತ್ತಾಗಬೇಕು.

ಮಬ್ಬು ಎಲ್ಲಿಂದ ಬರುತ್ತಿದೆ?

ಮೊದಲು ಮೋಷನ್ ಬ್ಲರ್, ಫಿಲ್ಮ್ ಗ್ರೇನ್, ಕ್ರೊಮ್ಯಾಟಿಕ್ ಅಬರೇಶನ್, ಡೆಪ್ತ್ ಆಫ್ ಫೀಲ್ಡ್ ನಾಲ್ಕನ್ನೂ ಆಫ್ ಮಾಡಿ. ಸೈಬರ್‌ಪಂಕ್ 2077ರಂಥ ಗೇಮ್‌ಗಳಲ್ಲಿ ಇವು ಮೊದಲಿನಿಂದಲೇ ಆನ್ ಇರುತ್ತವೆ. ಕ್ರೊಮ್ಯಾಟಿಕ್ ಅಬರೇಶನ್ ಪರದೆಯ ಅಂಚಿನತ್ತ ಕೆಂಪು–ನೀಲಿಯನ್ನು ಬೇರ್ಪಡಿಸುತ್ತದೆ. ಅದು ಆನ್ ಇರುವಾಗ ಶಾರ್ಪನಿಂಗ್ ಏರಿಸಿದರೆ ಬಣ್ಣದ ಗೆರೆಗಳೇ ದಪ್ಪವಾಗುತ್ತವೆ.

ಈಗ ಗೇಮ್‌ನಲ್ಲಿ ಹಗಲು ಬೆಳಕಿನ ಉದ್ದ ರಸ್ತೆ, ಪಕ್ಕದಲ್ಲೊಂದು ಗೋಡೆ ಇರುವ ಜಾಗ ಹುಡುಕಿ ನಿಲ್ಲಿ. ಮೆನು, ಮ್ಯಾಪ್, ಸಬ್‌ಟೈಟಲ್‌ಗಳ ಅಕ್ಷರವೂ ಮಬ್ಬಾಗಿದ್ದರೆ ಟೆಕ್ಸ್ಚರ್‌ಗೆ ಸಂಬಂಧವೇ ಇಲ್ಲ. ಔಟ್‌ಪುಟ್ ರೆಸೊಲ್ಯೂಶನ್ ಇಲ್ಲವೇ ಪರದೆ ನೋಡಿ. 1920×1080ರ ಪ್ಯಾನೆಲ್ ಮೇಲೆ 1600×900 ಓಡಿಸಿದರೆ ಒಂದು ಪಿಕ್ಸೆಲ್ 1.2 ಪಿಕ್ಸೆಲ್‌ಗೆ ಹರಡಬೇಕು, ಅದು ಸರಿಯಾಗಿ ಕೂರುವುದೇ ಇಲ್ಲ. ಟೀವಿಗೆ ಜೋಡಿಸಿದ್ದರೆ ಓವರ್‌ಸ್ಕ್ಯಾನ್ (ಚಿತ್ರ ಹಿಗ್ಗಿಸಿ ಅಂಚು ಕತ್ತರಿಸುವುದು) ಆಫ್ ಇರಬೇಕು, ಎಚ್‌ಡಿಎಂಐ ಇನ್‌ಪುಟ್ ಪಿಸಿ ಅಥವಾ ಗೇಮ್ ಮೋಡ್‌ನಲ್ಲಿರಬೇಕು. ಟೀವಿಯ ಸ್ವಂತ ಶಾರ್ಪ್‌ನೆಸ್ ಸಾಮಾನ್ಯವಾಗಿ ಅತಿಯಾಗಿಯೇ ಬರುತ್ತದೆ. ಬಿಳಿ ಅಂಚು ಮಾಯವಾಗುವ ತನಕ ಇಳಿಸಿ.

ಮೆನು ಅಕ್ಷರ ಚೊಕ್ಕ, ಆದರೆ ಲೋಕವೆಲ್ಲ ಮಬ್ಬು ಅಂದರೆ ಗೇಮ್ ಒಳಗಡೆ ಕಡಿಮೆ ರೆಸೊಲ್ಯೂಶನ್‌ನಲ್ಲಿ ಓಡುತ್ತಿದೆ. ರೆಂಡರ್ ಸ್ಕೇಲ್ 100ಕ್ಕಿಂತ ಕೆಳಗಿದೆಯೋ, ಅಪ್‌ಸ್ಕೇಲಿಂಗ್ (ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವುದು) ಆನ್ ಇದೆಯೋ ನೋಡಿ. ಮೊದಲ ಸಲ ಗೇಮ್ ತೆರೆದಾಗ ‘ಆಟೊ’ ಆಯ್ಕೆ ಇವನ್ನು ತಾನಾಗಿಯೇ ಆನ್ ಮಾಡಿಟ್ಟಿರುವುದು ಸಾಮಾನ್ಯ. ಗೋಡೆಯ ಹತ್ತಿರ ಹೋಗಿ ನೇರ ನೋಡಿದರೂ ಇಟ್ಟಿಗೆ ಕಲಸಿದ ಹಾಗಿದ್ದರೆ ಟೆಕ್ಸ್ಚರ್ ಕ್ವಾಲಿಟಿಯದೇ ತೊಂದರೆ. ಗೋಡೆ ಸರಿ, ಕಾಲ ಬುಡದ ರಸ್ತೆಯೂ ಸರಿ, ಹತ್ತು ಹೆಜ್ಜೆ ಮುಂದೆ ಡಾಂಬರು ಏಕಾಏಕಿ ಬೂದು ಪಟ್ಟಿಯಾಗುತ್ತದೆ ಅಂದರೆ ಓರೆ ನೆಲಕ್ಕಿರುವ ಅನೈಸೊಟ್ರೊಪಿಕ್ ಫಿಲ್ಟರಿಂಗ್ ಸಾಲುತ್ತಿಲ್ಲ. ನಿಂತಾಗ ಸ್ಪಷ್ಟ, ಕ್ಯಾಮೆರಾ ತಿರುಗಿಸಿದ ಕೂಡಲೇ ಮಬ್ಬು ಎಂದಾದರೆ ಟಿಎಎ. ಬಂದು ನಿಂತ ಎರಡು ಮೂರು ಸೆಕೆಂಡಿನ ಮೇಲೆ ಗೋಡೆ ತಾನಾಗಿ ಸ್ಪಷ್ಟವಾದರೆ ಸ್ಟ್ರೀಮಿಂಗ್ (ಡಿಸ್ಕ್‌ನಿಂದ ಟೆಕ್ಸ್ಚರ್ ತರುವುದು) ತಡವಾಗುತ್ತಿದೆ ಎಂದರ್ಥ.

ಟೆಕ್ಸ್ಚರ್ ಕ್ವಾಲಿಟಿ: ಫ್ರೇಮ್ ತಿನ್ನದು, ಮೆಮೊರಿ ತಿನ್ನುತ್ತದೆ

ಎಲ್ಲ ಗ್ರಾಫಿಕ್ಸ್ ಸೆಟ್ಟಿಂಗ್‌ಗಳಲ್ಲಿ ಇದರ ಸ್ವಭಾವ ಬೇರೆ. ವಿಡಿಯೊ ಮೆಮೊರಿ ಸಾಕಾಗುವವರೆಗೆ ಮೀಡಿಯಂಗೂ ಅಲ್ಟ್ರಾಗೂ ಫ್ರೇಮ್ ರೇಟ್ ಹೆಚ್ಚುಕಡಿಮೆ ಒಂದೇ. ಮೆಮೊರಿ ಮುಗಿದ ಗಳಿಗೆಯಿಂದ ಆಟ ತಡವರಿಸುತ್ತದೆ, ಇಲ್ಲವೇ ಮಬ್ಬಾಗುತ್ತದೆ. ನಡುವಿನ ಸ್ಥಿತಿ ಇಲ್ಲ ಎನ್ನುವಷ್ಟು ಕಡಿಮೆ.

ಲೆಕ್ಕ ಹೀಗೆ. 4096×4096 ಅಳತೆಯ ಟೆಕ್ಸ್ಚರ್ ಕಂಪ್ರೆಸ್ ಆಗದೆ ಇದ್ದರೆ 64 ಎಂಬಿ. ಬಿಸಿ7 ಕಂಪ್ರೆಶನ್‌ನಲ್ಲಿ ಪಿಕ್ಸೆಲ್‌ಗೆ ಒಂದು ಬೈಟ್, ಹಾಗಾಗಿ 16 ಎಂಬಿ. ದೂರದ ನೋಟಕ್ಕೆಂದು ಅರ್ಧ, ಕಾಲು, ಅರೆಕಾಲು ಎಂದು ಕಿರಿದಾಗಿಸಿ ಇಟ್ಟ ಮಿಪ್‌ಮ್ಯಾಪ್ ಪ್ರತಿಗಳು ಇನ್ನೂ ಮೂರನೇ ಒಂದು ಪಾಲು ಸೇರಿಸುತ್ತವೆ, ಸುಮಾರು 21.3 ಎಂಬಿ. ಒಂದು ಇಟ್ಟಿಗೆ ಗೋಡೆಗೆ ಬಣ್ಣ, ನಾರ್ಮಲ್ (ಉಬ್ಬುತಗ್ಗು), ಒರಟುತನ ಎಂದು ಕನಿಷ್ಠ ಮೂರು ಟೆಕ್ಸ್ಚರ್ ಬೇಕು: 64 ಎಂಬಿ. ಅದನ್ನೇ 2048×2048ಕ್ಕೆ ಇಳಿಸಿದರೆ 16 ಎಂಬಿ. ಕಣ್ಣೆದುರು ಇಂಥ 50 ವಸ್ತುಗಳಿದ್ದು ಎಲ್ಲವೂ ಪೂರ್ಣ ಅಳತೆಯಲ್ಲಿ ಲೋಡ್ ಆದರೆ ಒಂದು ಕಡೆ 3.2 ಜಿಬಿ, ಇನ್ನೊಂದು ಕಡೆ 800 ಎಂಬಿ. ಗೇಮ್‌ಗಳು ಹತ್ತಿರದ್ದನ್ನು ಮಾತ್ರ ಪೂರ್ಣ ಅಳತೆಯಲ್ಲಿ ತರುತ್ತವಾದರೂ ಒಂದು ಮೆಟ್ಟಿಲು ಏರಿದರೆ ನಾಲ್ಕು ಪಟ್ಟು ಎಂಬ ಲೆಕ್ಕ ತಪ್ಪುವುದಿಲ್ಲ.

ಹಾಗಾದರೆ ಅಲ್ಟ್ರಾ ಬೇಕೇ? ಎರಡು ಮೀಟರ್ ಅಗಲದ ಗೋಡೆಗೆ 2048ರ ಟೆಕ್ಸ್ಚರ್ ಹಚ್ಚಿದ್ದಾರೆ ಎಂದುಕೊಳ್ಳಿ. ಆ ಗೋಡೆ 1080ಪಿ ಪರದೆಯ ಅಗಲವನ್ನೆಲ್ಲ ತುಂಬಿದಾಗ 2048 ಟೆಕ್ಸೆಲ್‌ಗಳು (ಟೆಕ್ಸ್ಚರ್‌ನ ಚುಕ್ಕಿಗಳು) 1920 ಪಿಕ್ಸೆಲ್‌ಗೆ ಬರುತ್ತವೆ, ಅಲ್ಲಿಗೆ ಸಾಕು. 4096ರ ಲಾಭ ಕಾಣುವುದು ಗೋಡೆಗೆ ಇನ್ನೂ ಅಂಟಿಕೊಂಡು ನಿಂತಾಗ ಅಥವಾ 1440ಪಿ, 4ಕೆ ಪರದೆಯಲ್ಲಿ. 1080ಪಿಯಲ್ಲಿ ಆಡುವವರಿಗೆ ಬಹುಪಾಲು ಗೇಮ್‌ಗಳಲ್ಲಿ ‘ಹೈ’ ಸಾಕು. ಇದಕ್ಕೆ ಅಪವಾದಗಳಿವೆ. ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ‘ಹೈ’ಗೂ ‘ಅಲ್ಟ್ರಾ’ಗೂ ಎದ್ದು ಕಾಣುವ ಅಂತರವಿದೆ, ಅಲ್ಲಿ ಟೆಕ್ಸ್ಚರ್ ಅಲ್ಟ್ರಾದಲ್ಲೇ ಇಟ್ಟು ಬೇರೆ ಯಾವುದನ್ನಾದರೂ ಇಳಿಸಿ. ಮಾರ್ಚ್ 2023ರಲ್ಲಿ ಪಿಸಿಗೆ ಬಂದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1ರಲ್ಲಂತೂ ಆರಂಭದಲ್ಲಿ 8 ಜಿಬಿ ಕಾರ್ಡ್‌ನವರು ‘ಮೀಡಿಯಂ’ಗೆ ಇಳಿದರೆ ಗೋಡೆಗಳು ಗುರುತು ಸಿಗದ ಹಾಗಿದ್ದವು, ಮುಂದಿನ ಪ್ಯಾಚ್‌ಗಳಲ್ಲಿ ಸುಧಾರಿಸಿತು. ಸೆಟ್ಟಿಂಗ್‌ನ ಹೆಸರು ನಂಬದೆ ಗೋಡೆಯ ಪರೀಕ್ಷೆಯನ್ನೇ ನಂಬಿ.

ಮೆಮೊರಿ ತುಂಬಿದೆಯೋ ಇಲ್ಲವೋ ತಿಳಿಯಲು ವಿಂಡೋಸ್ ಟಾಸ್ಕ್ ಮ್ಯಾನೇಜರ್ ಸಾಕು. ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಆರಿಸಿ, ಗೇಮ್ ಹದಿನೈದು ನಿಮಿಷ ಆಡಿ, ಆಲ್ಟ್–ಟ್ಯಾಬ್ ಒತ್ತಿ ನೋಡಿ. ‘ಡೆಡಿಕೇಟೆಡ್’ ಮೆಮೊರಿ ಅಂಚಿಗೆ ಬಂದು ನಿಂತು ‘ಶೇರ್ಡ್’ ಏರುತ್ತಿದ್ದರೆ ಟೆಕ್ಸ್ಚರ್‌ಗಳು ಸಿಸ್ಟಂ ರ‍್ಯಾಮ್‌ಗೆ ಚೆಲ್ಲುತ್ತಿವೆ. ಚೆಲ್ಲಿದರೆ ಏನಾಗುತ್ತದೆ ಅನ್ನುವುದಕ್ಕೆ 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಒಳ್ಳೆಯ ಉದಾಹರಣೆ. ಅದರದ್ದು 4 ಜಿಬಿ ಮೆಮೊರಿ, ವೇಗ ಸೆಕೆಂಡಿಗೆ 144 ಜಿಬಿ. ಆದರೆ ಮದರ್‌ಬೋರ್ಡ್ ಕಡೆಗೆ ಇರುವುದು ನಾಲ್ಕೇ ಪಿಸಿಐಇ ಲೇನ್ (ಮಾಹಿತಿ ಓಡಾಡುವ ದಾರಿ), ಹಳೆಯ 3.0 ಬೋರ್ಡ್‌ನಲ್ಲಿ ಅದು ಸೆಕೆಂಡಿಗೆ 4 ಜಿಬಿಯಷ್ಟೆ. ಒಂದು ಟೆಕ್ಸ್ಚರ್‌ಗಾಗಿ ಆ ಸಣ್ಣ ದಾರಿಯಲ್ಲಿ ಹೋಗಿ ಬರಬೇಕಾದಾಗ ಗೇಮ್ ತಡವರಿಸುತ್ತದೆ, ಇಲ್ಲವೇ ಮಬ್ಬು ಪ್ರತಿಯನ್ನೇ ತೋರಿಸಿ ಸುಮ್ಮನಿರುತ್ತದೆ. ಎಷ್ಟೋ ಹೊಸ ಗೇಮ್‌ಗಳು ಈ ಎರಡನೆಯ ದಾರಿ ಹಿಡಿಯುತ್ತವೆ. ಹಾಗಾಗಿಯೇ ‘ಅಲ್ಟ್ರಾ ಇಟ್ಟರೆ ಇನ್ನೂ ಮಬ್ಬಾಯಿತು, ಮೀಡಿಯಂನಲ್ಲೇ ಚೆನ್ನಾಗಿತ್ತು’ ಎಂಬ ವಿಚಿತ್ರ ದೂರು ಸುಳ್ಳಲ್ಲ.

4 ಜಿಬಿ ಕಾರ್ಡ್‌ನಲ್ಲಿ 2018ಕ್ಕಿಂತ ಹಿಂದಿನ ಗೇಮ್‌ಗಳಿಗೆ ಹೈ, ಈಚಿನ ದೊಡ್ಡ ಗೇಮ್‌ಗಳಿಗೆ ಮೀಡಿಯಂನಿಂದ ಶುರು ಮಾಡಿ. 6 ಜಿಬಿಗೆ ಹೈ ಬಹುಮಟ್ಟಿಗೆ ನಡೆಯುತ್ತದೆ. 8 ಜಿಬಿಗೆ 1080ಪಿಯಲ್ಲಿ ಹೈ ನಿರಾತಂಕ, ಅಲ್ಟ್ರಾ ಗೇಮ್ ನೋಡಿಕೊಂಡು. 12 ಜಿಬಿ ಇದ್ದವರು ಈ ಭಾಗ ಓದಬೇಕಾಗಿಯೇ ಇರಲಿಲ್ಲ. ರೇ ಟ್ರೇಸಿಂಗ್, ಫ್ರೇಮ್ ಜನರೇಶನ್ ಎರಡೂ ಇದೇ ಮೆಮೊರಿಯಲ್ಲಿ ಪಾಲು ಕೇಳುತ್ತವೆ ಎಂಬುದು ನೆನಪಿರಲಿ. 8 ಜಿಬಿಯಲ್ಲಿ ಮೂರನ್ನೂ ಬಯಸಿದರೆ ಮೊದಲು ಬಲಿಯಾಗುವುದು ಟೆಕ್ಸ್ಚರ್. ಬ್ರೌಸರ್, ಡಿಸ್ಕಾರ್ಡ್ ಮುಚ್ಚಿದರೆ ಕೆಲವು ನೂರು ಎಂಬಿ ಸಿಗುತ್ತದೆ, 4 ಜಿಬಿಯವರಿಗೆ ಅದೂ ದೊಡ್ಡದೇ.

ಸೆಟ್ಟಿಂಗ್ ಬದಲಿಸಿದ ಮೇಲೆ ಗೇಮ್ ಮುಚ್ಚಿ ಮತ್ತೆ ತೆರೆಯಿರಿ. ಸೈಬರ್‌ಪಂಕ್‌ನಲ್ಲಿ ಟೆಕ್ಸ್ಚರ್ ಕ್ವಾಲಿಟಿಯನ್ನು ಆಟದ ನಡುವೆ ಪಾಸ್ ಮೆನುವಿನಿಂದ ಬದಲಿಸಲಾಗದು, ಮುಖ್ಯ ಮೆನುವಿಗೇ ಹೋಗಬೇಕು. ಸ್ಟ್ರೀಮಿಂಗ್ ತಡವಾಗುವ ಸಮಸ್ಯೆಗೆ ಗ್ರಾಫಿಕ್ಸ್ ಮೆನುವಿನಲ್ಲಿ ಮದ್ದಿಲ್ಲ: ಗೇಮ್ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಸರಿಸಿ. ಸಾಧಾರಣ ಸಾಟಾ ಎಸ್‌ಎಸ್‌ಡಿ ಆದರೂ ಸಾಕು.

ಅನೈಸೊಟ್ರೊಪಿಕ್ ಫಿಲ್ಟರಿಂಗ್: ಖರ್ಚು ಕಡಿಮೆ, ಲಾಭ ದೊಡ್ಡದು

ಒಂದೇ ಒಂದು ಸೆಟ್ಟಿಂಗ್ ಬದಲಿಸಬಹುದು ಎಂದರೆ ಇದನ್ನೇ ಬದಲಿಸಿ. ರಸ್ತೆಯಲ್ಲಿ ನಿಂತು ದೂರಕ್ಕೆ ನೋಡುವಾಗ ಪರದೆಯ ಒಂದು ಪಿಕ್ಸೆಲ್ ಕೆಳಗೆ ಬರುವ ಟೆಕ್ಸ್ಚರ್ ಭಾಗ ಚೌಕವಲ್ಲ, ಉದ್ದ ಪಟ್ಟಿ: ಅಗಲಕ್ಕೆ 2 ಟೆಕ್ಸೆಲ್, ಉದ್ದಕ್ಕೆ 16 ಟೆಕ್ಸೆಲ್ ಎಂದಿಟ್ಟುಕೊಳ್ಳಿ. ಸಾಮಾನ್ಯವಾದ ಟ್ರೈಲಿನಿಯರ್ ಫಿಲ್ಟರ್ ಉದ್ದದ ಕಡೆಯನ್ನು ನೋಡಿ ಮಿಪ್ (ಮಿಪ್‌ಮ್ಯಾಪ್ ಪ್ರತಿ) ಆರಿಸುತ್ತದೆ. 16ಕ್ಕೆ ತಕ್ಕ ಪ್ರತಿ ಅಂದರೆ 2048ರ ಟೆಕ್ಸ್ಚರ್ ಬದಲು 128ರದು. ಅಡ್ಡಕ್ಕೆ ಬೇಕಾಗಿದ್ದ ವಿವರವೂ ಅದರ ಜತೆಗೇ ಹೋಯಿತು, ರಸ್ತೆ ಕಲಸಿಹೋಯಿತು. ಅನೈಸೊಟ್ರೊಪಿಕ್ ಫಿಲ್ಟರ್ ಅಗಲದ ಕಡೆಯನ್ನು ಹಿಡಿದು 1024ರ ಪ್ರತಿ ತೆಗೆದುಕೊಂಡು ಉದ್ದಕ್ಕೆ ಎಂಟು ಕಡೆ ಸ್ಯಾಂಪಲ್ ಮಾಡುತ್ತದೆ. ಮೆನುವಿನ 2ಎಕ್ಸ್, 4ಎಕ್ಸ್, 8ಎಕ್ಸ್, 16ಎಕ್ಸ್ ಅನ್ನುವುದು ಇಂಥ ಓರೆಯ ಅನುಪಾತದ ಮಿತಿ. ಬೇಕಿಲ್ಲದ ಕಡೆ ಅದು ಹೆಚ್ಚು ಸ್ಯಾಂಪಲ್ ತೆಗೆಯುವುದೇ ಇಲ್ಲ, ಹಾಗಾಗಿಯೇ 16ಎಕ್ಸ್ ಅಂದರೆ 16 ಪಟ್ಟು ಖರ್ಚಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ 16ಎಕ್ಸ್ ಇಟ್ಟು ಮರೆತುಬಿಡಿ.

ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲಿ ಆಡುವವರಿಗೆ ಮಾತ್ರ ಯೋಚನೆ ಬೇಕು, ಏಕೆಂದರೆ ಅದು ಸಿಸ್ಟಂ ರ‍್ಯಾಮ್‌ನ ವೇಗವನ್ನೇ ನೆಚ್ಚಿಕೊಂಡಿದೆ. ಒಂದೇ ಡಿಡಿಆರ್4–3200 ಸ್ಟಿಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ಸೆಕೆಂಡಿಗೆ 25.6 ಜಿಬಿ, ಎರಡು ಸ್ಟಿಕ್ ಹಾಕಿದರೆ 51.2 ಜಿಬಿ. ಒಂದೇ ಸ್ಟಿಕ್ ಇದ್ದರೆ 4ಎಕ್ಸ್, ಎರಡಿದ್ದರೆ 8ಎಕ್ಸ್ ಸಮಂಜಸ. 8ಎಕ್ಸ್‌ಗೂ 16ಎಕ್ಸ್‌ಗೂ ವ್ಯತ್ಯಾಸ ಹುಡುಕಿ ನೋಡಬೇಕು. 1ಎಕ್ಸ್‌ಗೂ 4ಎಕ್ಸ್‌ಗೂ ಇರುವುದು ಮೊದಲ ನೋಟಕ್ಕೇ ಕಾಣುತ್ತದೆ.

ಗೇಮ್ ಮೆನುವಿನಲ್ಲಿ ಇದು ಇಲ್ಲದಿದ್ದರೆ ಡ್ರೈವರ್‌ನಿಂದ ಬಲವಂತ ಮಾಡಬಹುದು: ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್, ಮ್ಯಾನೇಜ್ 3ಡಿ ಸೆಟ್ಟಿಂಗ್ಸ್, ಪ್ರೋಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಆ ಗೇಮ್ ಆರಿಸಿ, ಅನೈಸೊಟ್ರೊಪಿಕ್ ಫಿಲ್ಟರಿಂಗ್ 16ಎಕ್ಸ್, ಟೆಕ್ಸ್ಚರ್ ಫಿಲ್ಟರಿಂಗ್ ಕ್ವಾಲಿಟಿ ‘ಹೈ ಕ್ವಾಲಿಟಿ’. ಗ್ಲೋಬಲ್ ಪುಟದಲ್ಲಿ ಹಾಕಬೇಡಿ. ಕೆಲವು ಗೇಮ್‌ಗಳಲ್ಲಿ ನೆರಳಿನ ಮೇಲೆ ಗೆರೆ ಬೀಳುವುದುಂಟು, ಆಗ ಕಾರಣ ಹುಡುಕುತ್ತ ತಲೆ ಕೆಡುತ್ತದೆ. ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್ ಗೇಮ್‌ಗಳಲ್ಲಿ ಈ ಬಲವಂತ ಸಾಮಾನ್ಯವಾಗಿ ನಡೆಯದು. ಅವುಗಳಲ್ಲಿ ಗೇಮ್ ಏನು ಕೇಳುತ್ತದೋ ಅದೇ ಅಂತಿಮ. ಅನ್‌ರಿಯಲ್ ಎಂಜಿನ್‌ನ ಗೇಮ್ ಆದರೆ ‘ಎಂಜಿನ್ ಡಾಟ್ ಐಎನ್‌ಐ’ ಕಡತದಲ್ಲಿ ಸಿಸ್ಟಂ ಸೆಟ್ಟಿಂಗ್ಸ್ ತಲೆಬರಹದ ಕೆಳಗೆ ‘r.MaxAnisotropy=16’ ಎಂದು ಬರೆಯುವ ದಾರಿ ಇದೆ. ಬದಲಿಸುವ ಮೊದಲು ಕಡತದ ನಕಲು ಇಟ್ಟುಕೊಳ್ಳಿ.

ಟಿಎಎ, ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್: ನಿಜವಾದ ಆಯ್ಕೆ ಇಲ್ಲಿದೆ

ಈಗಿನ ಗೇಮ್‌ಗಳ ಮಬ್ಬಿಗೆ ಹೆಚ್ಚಿನ ಪಾಲು ಟಿಎಎಯೇ ಕಾರಣ. ಪ್ರತಿ ಫ್ರೇಮ್‌ನಲ್ಲೂ ಕ್ಯಾಮೆರಾವನ್ನು ಪಿಕ್ಸೆಲ್‌ಗಿಂತ ಕಡಿಮೆ ಅಳತೆಯಲ್ಲಿ ಅಲುಗಿಸಿ, ಹಳೆಯ ಫ್ರೇಮ್‌ಗಳ ಜತೆ ಬೆರೆಸಿ ಅಂಚು ನಯ ಮಾಡುವುದು ಅದರ ವಿಧಾನ. ನಿಂತ ದೃಶ್ಯದಲ್ಲಿ ಅದ್ಭುತ. ಚಲಿಸುವಾಗ ಹಳೆಯ ಪಿಕ್ಸೆಲ್‌ಗಳನ್ನು ಹೊಸ ಜಾಗಕ್ಕೆ ಸರಿಸಬೇಕು. ಪ್ರತಿ ಸಲ ಸರಿಸುವಾಗಲೂ ಸ್ವಲ್ಪ ಕಲಸುತ್ತದೆ. 1080ಪಿಯಲ್ಲಿ ಪಿಕ್ಸೆಲ್‌ಗಳೇ ಕಡಿಮೆ ಇರುವುದರಿಂದ ಪೆಟ್ಟು ಜೋರು, 4ಕೆಯಲ್ಲಿ ಅಷ್ಟು ಕಾಣುವುದಿಲ್ಲ.

ಟಿಎಎಯನ್ನೇ ಆಫ್ ಮಾಡಿದರೆ? ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಮಾಡಿ ನೋಡಿ. ಡಾಂಬರಿಲ್ಲದ ಆ ಮಣ್ಣುದಾರಿ, ಮರದ ತೊಗಟೆ ತಕ್ಷಣ ಚೂಪಾಗುತ್ತವೆ. ಜತೆಗೇ ಕೂದಲು, ಎಲೆ, ಕುದುರೆಯ ಬಾಲವೆಲ್ಲ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತವೆ. ಪಾರದರ್ಶಕತೆಯನ್ನು ಆ ಎಂಜಿನ್ ಚುಕ್ಕಿಗಳಲ್ಲಿ ಬಿಡಿಸಿ, ಟಿಎಎ ಅದನ್ನು ಬೆರೆಸುತ್ತದೆ ಎಂದು ನೆಚ್ಚಿಕೊಂಡಿದೆ. ಆದ್ದರಿಂದ ಆಫ್ ಮಾಡುವುದು ಆಯ್ಕೆಯಲ್ಲ, ಬದಲಿ ಹುಡುಕಬೇಕು.

ಕಾರ್ಡ್‌ಗೆ ಶಕ್ತಿ ಮಿಕ್ಕಿದ್ದರೆ ಮೊದಲ ಬದಲಿ ಎನ್‌ವಿಡಿಯಾದ ಡಿಎಲ್‌ಎಎ. ಆರ್‌ಟಿಎಕ್ಸ್ ಕಾರ್ಡ್ ಬೇಕು, ಗೇಮ್‌ನಲ್ಲಿ ಆಯ್ಕೆ ಇರಬೇಕು. ರೆಸೊಲ್ಯೂಶನ್ ಇಳಿಸದೆ ಟಿಎಎಯ ಜಾಗದಲ್ಲಿ ಎಐ ಮಾದರಿ ಕೂರುತ್ತದೆ. ಜನವರಿ 2025ರಲ್ಲಿ ಬಂದ ಡಿಎಲ್‌ಎಸ್‌ಎಸ್ 4ರ (ಎನ್‌ವಿಡಿಯಾದ ಅಪ್‌ಸ್ಕೇಲಿಂಗ್ ತಂತ್ರ) ಟ್ರಾನ್ಸ್‌ಫಾರ್ಮರ್ ಮಾದರಿ ಚಲನೆಯಲ್ಲಿ ಟೆಕ್ಸ್ಚರ್ ಉಳಿಸಿಕೊಳ್ಳುವುದರಲ್ಲಿ ಹಳೆಯದಕ್ಕಿಂತ ಎಷ್ಟೋ ಮೇಲು. ಅದು 20 ಸರಣಿಯಿಂದ ಹಿಡಿದು ಎಲ್ಲ ಆರ್‌ಟಿಎಕ್ಸ್ ಕಾರ್ಡ್‌ಗಳಿಗೂ ಸಿಗುತ್ತದೆ, ಹಳೆಯ ಕಾರ್ಡ್‌ನಲ್ಲಿ ಖರ್ಚು ತುಸು ಹೆಚ್ಚು. ಗೇಮ್ ಹಳೆಯ ಆವೃತ್ತಿಯದ್ದಾದರೆ ಎನ್‌ವಿಡಿಯಾ ಆ್ಯಪ್‌ನ ಗ್ರಾಫಿಕ್ಸ್ ಪುಟದಲ್ಲಿ ಆ ಗೇಮ್ ಆರಿಸಿ, ಡಿಎಲ್‌ಎಸ್‌ಎಸ್ ಓವರ್‌ರೈಡ್‌ನ ಮಾಡೆಲ್ ಪ್ರೀಸೆಟ್ ಅನ್ನು ‘ಲೇಟೆಸ್ಟ್’ಗೆ ಇಡಿ. ಪಟ್ಟಿಯಲ್ಲಿ ಬಾರದ ಗೇಮ್‌ಗಳೂ ಇವೆ.

ಶಕ್ತಿ ಮಿಕ್ಕಿಲ್ಲದಿದ್ದರೆ ಅಪ್‌ಸ್ಕೇಲಿಂಗ್. ಇಲ್ಲಿ ಹೆಸರಿಗಿಂತ ಅಂಕಿ ಮುಖ್ಯ. ಡಿಎಲ್‌ಎಸ್‌ಎಸ್, ಎಎಮ್‌ಡಿಯ ಎಫ್‌ಎಸ್‌ಆರ್ ಎರಡರಲ್ಲೂ ‘ಕ್ವಾಲಿಟಿ’ ಅಂದರೆ ಒಂದೊಂದು ದಿಕ್ಕಿನಲ್ಲಿ 1.5 ಪಟ್ಟು ಹಿಗ್ಗಿಸುವುದು: 4ಕೆಗೆ ಒಳಗಿನ ರೆಸೊಲ್ಯೂಶನ್ 2560×1440, 1080ಪಿಗೆ ಬರೀ 1280×720. ‘ಪರ್ಫಾರ್ಮೆನ್ಸ್’ ಅಂದರೆ 2 ಪಟ್ಟು, 1080ಪಿಯಲ್ಲಿ 960×540. ಇಂಟೆಲ್‌ನ ಎಕ್ಸ್‌ಇಎಸ್‌ಎಸ್ 1.3ರಿಂದ ‘ಕ್ವಾಲಿಟಿ’ಯನ್ನು 1.7 ಪಟ್ಟಿಗೆ ಬದಲಿಸಿತು, 1.5 ಬೇಕೆಂದರೆ ಅಲ್ಲಿ ‘ಅಲ್ಟ್ರಾ ಕ್ವಾಲಿಟಿ’ ಆರಿಸಬೇಕು. ಒಂದೇ ಹೆಸರಿನ ಎರಡು ಮೋಡ್ ಹೋಲಿಸಿ ‘ಇದು ಮಬ್ಬು, ಅದು ಚೆನ್ನ’ ಎನ್ನುವ ಎಷ್ಟೋ ವಾದಗಳು ಈ ಅಂಕಿ ನೋಡದೆ ಹುಟ್ಟಿದವು.

ಆಯ್ಕೆ ನಮ್ಮದಾದರೆ: ಆರ್‌ಟಿಎಕ್ಸ್ ಇದ್ದರೆ ಡಿಎಲ್‌ಎಸ್‌ಎಸ್, ಆರ್‌ಎಕ್ಸ್ 9000 ಸರಣಿ ಇದ್ದರೆ ಎಫ್‌ಎಸ್‌ಆರ್ 4. ಜಿಟಿಎಕ್ಸ್ ಅಥವಾ ಹಳೆಯ ರೇಡಿಯಾನ್ ಇದ್ದರೆ 1080ಪಿಯಲ್ಲಿ ಎಫ್‌ಎಸ್‌ಆರ್ 2 ಅಥವಾ 3ರ ‘ಕ್ವಾಲಿಟಿ’ಗಿಂತ ಕೆಳಗೆ ಇಳಿಯಬೇಡಿ, ಅದರ ಬದಲು ನೆರಳು, ಪ್ರತಿಫಲನಗಳನ್ನು ಒಂದು ಮೆಟ್ಟಿಲು ಇಳಿಸಿದರೆ ಚಿತ್ರ ಹೆಚ್ಚು ಚೊಕ್ಕ ಉಳಿಯುತ್ತದೆ. ಎಫ್‌ಎಸ್‌ಆರ್ 1 ಟೆಕ್ಸ್ಚರ್ ವಿಷಯದಲ್ಲಿ ಬರೀ ಹಿಗ್ಗಿಸಿ ಚೂಪು ಮಾಡುವ ತಂತ್ರ, ಹಳೆಯ ಫ್ರೇಮ್‌ಗಳ ಮಾಹಿತಿ ಅದಕ್ಕಿಲ್ಲ. ಕೌಂಟರ್–ಸ್ಟ್ರೈಕ್ 2ರಲ್ಲಿ ಆ ಆಯ್ಕೆಯನ್ನು ‘ಡಿಸೇಬಲ್ಡ್’ನಲ್ಲಿ ಇಟ್ಟರೇ ಚಿತ್ರ ಅತ್ಯಂತ ಸ್ಪಷ್ಟ.

ಅಪ್‌ಸ್ಕೇಲಿಂಗ್ ಜತೆ ಇನ್ನೊಂದು ಗುಟ್ಟು ಇದೆ. ಗೇಮ್ ಒಳಗಡೆ 720ಪಿಯಲ್ಲಿ ಓಡುವಾಗ ಜಿಪಿಯು ಮಿಪ್ ಆರಿಸುವುದೂ 720ಪಿಗೆ ತಕ್ಕಂತೆ. ಔಟ್‌ಪುಟ್ 1080ಪಿ ಆದ್ದರಿಂದ ದೊಡ್ಡ ಮಿಪ್ ತೆಗೆದುಕೊಳ್ಳುವಂತೆ ಎಲ್‌ಒಡಿ ಬಯಾಸ್ (ಯಾವ ಮಿಪ್ ಎಂದು ತಿದ್ದುವ ಅಂಕಿ) ಋಣದತ್ತ ಸರಿಸಬೇಕು. 1.5 ಪಟ್ಟಿಗೆ ಲೆಕ್ಕದ ಪ್ರಕಾರ –0.58, ಎಫ್‌ಎಸ್‌ಆರ್ 2ಕ್ಕೆ ಎಎಮ್‌ಡಿ ಇನ್ನೂ ಒಂದು ಕಳೆದು –1.58 ಹೇಳುತ್ತದೆ. ಇದನ್ನು ಗೇಮ್ ಮಾಡಿದವರೇ ಹಾಕಿರಬೇಕು. ಮರೆತಿದ್ದರೆ ಅಂಚುಗಳು ಚೂಪು, ಟೆಕ್ಸ್ಚರ್ ಮಾತ್ರ ಮಬ್ಬು ಎಂಬ ಸ್ಥಿತಿ ಬರುತ್ತದೆ. ಡೈರೆಕ್ಟ್‌ಎಕ್ಸ್ 11ರ ಗೇಮ್ ಆದರೆ ಎನ್‌ವಿಡಿಯಾ ಪ್ರೊಫೈಲ್ ಇನ್‌ಸ್ಪೆಕ್ಟರ್ ಎಂಬ ತಂತ್ರಾಂಶದಲ್ಲಿ ಡ್ರೈವರ್ ನಿಯಂತ್ರಿತ ಬಯಾಸ್ ಆಫ್ ಮಾಡಿ, ‘ನೆಗೆಟಿವ್ ಎಲ್‌ಒಡಿ ಬಯಾಸ್’ ಅನ್ನು ‘ಅಲೌ’ಗೆ ಇಟ್ಟು, –0.5ರಿಂದ ಆರಂಭಿಸಿ. ಟಿಎಎ ಜಾತಿಯ ಯಾವುದೂ ಇಲ್ಲದ ಹಳೆಯ ಗೇಮ್‌ನಲ್ಲಿ ಈ ಆಟ ಬೇಡ. ನಿಂತ ಚಿತ್ರದಲ್ಲಿ ಮೋಹಕವಾಗಿ ಕಂಡದ್ದು ನಡೆದಾಗ ಜಲ್ಲಿಯಂತೆ ಕುದಿಯುತ್ತದೆ.

ಹೆಚ್ಚಿನ ರೆಸೊಲ್ಯೂಶನ್‌ನಲ್ಲಿ ಬಿಡಿಸಿ ಕುಗ್ಗಿಸುವುದು

ದುಬಾರಿ, ಆದರೆ ಓರೆ ನೆಲ, ರೆಸೊಲ್ಯೂಶನ್, ಟಿಎಎ ಮೂರರ ಮಬ್ಬನ್ನೂ ಒಟ್ಟಿಗೆ ತಗ್ಗಿಸುತ್ತದೆ. ರೆಡ್ ಡೆಡ್‌ನಂಥ ಗೇಮ್‌ಗಳಲ್ಲಿ ರೆಸೊಲ್ಯೂಶನ್ ಸ್ಕೇಲ್ ಒಳಗೇ ಇದೆ; 1080ಪಿಯಲ್ಲಿ 5/4 ಇಟ್ಟರೆ 2400×1350, ಅಂದರೆ ಶೇ 56ರಷ್ಟು ಹೆಚ್ಚು ಪಿಕ್ಸೆಲ್. ಆರ್‌ಟಿಎಕ್ಸ್ ಇದ್ದವರಿಗೆ ಜನವರಿ 2022ರಿಂದ ಸಿಗುತ್ತಿರುವ ಡಿಎಲ್‌ಡಿಎಸ್‌ಆರ್ (ಎಐ ನೆರವಿನಿಂದ ಹೀಗೆ ಕುಗ್ಗಿಸುವ ಡ್ರೈವರ್ ಆಯ್ಕೆ) ಇನ್ನೂ ಒಳ್ಳೆಯದು. ಕಂಟ್ರೋಲ್ ಪ್ಯಾನೆಲ್‌ನ ‘ಡಿಎಸ್‌ಆರ್ ಫ್ಯಾಕ್ಟರ್ಸ್’ನಲ್ಲಿ 2.25 ಟಿಕ್ ಮಾಡಿ, ಗೇಮ್‌ನಲ್ಲಿ 2880×1620 ಆರಿಸಿ, ಅದರ ಮೇಲೆ ಡಿಎಲ್‌ಎಸ್‌ಎಸ್ ಕ್ವಾಲಿಟಿ ಹಾಕಿ. ಒಳಗಿನ ರೆಸೊಲ್ಯೂಶನ್ ಸರಿಯಾಗಿ 1920×1080ಕ್ಕೇ ಬಂದು ನಿಲ್ಲುತ್ತದೆ. ಮೂಲ 1080ಪಿಗಿಂತ ಖರ್ಚು ಜಾಸ್ತಿ, ಏಕೆಂದರೆ ಯುಐ ಮತ್ತು ಕೊನೆಯ ಎಫೆಕ್ಟ್‌ಗಳು 1620ಪಿಯಲ್ಲಿ ಓಡುತ್ತವೆ. ಆದರೆ ಟಿಎಎಯ ಮಬ್ಬಿಗೆ ಹೋಲಿಸಿದರೆ ಅದೇ ಮಾನಿಟರ್ ಎಂದು ನಂಬುವುದು ಕಷ್ಟ.

ಎಡವುವುದು ಎರಡು ಕಡೆ. ‘ಸ್ಮೂತ್‌ನೆಸ್’ ಅನ್ನು ತೀರಾ ಕೆಳಗಿಟ್ಟರೆ ಡಿಎಲ್‌ಡಿಎಸ್‌ಆರ್ ಅತಿಯಾಗಿ ಚೂಪು ಮಾಡುತ್ತದೆ. 50ರಿಂದ 100ರ ನಡುವೆ ನಿಮ್ಮ ಕಣ್ಣಿಗೆ ಹಿಡಿಸಿದಲ್ಲಿ ನಿಲ್ಲಿಸಿ. ಲ್ಯಾಪ್‌ಟಾಪ್‌ನಲ್ಲಿ ಈ ಆಯ್ಕೆಯೇ ಕಾಣದಿದ್ದರೆ ಪರದೆ ಒಳಗಿನ ಗ್ರಾಫಿಕ್ಸ್‌ಗೆ ಜೋಡಿಸಿದೆ ಎಂದರ್ಥ. ಮಕ್ಸ್ ಸ್ವಿಚ್ (ಪರದೆಯನ್ನು ನೇರ ಗ್ರಾಫಿಕ್ಸ್ ಕಾರ್ಡ್‌ಗೆ ಜೋಡಿಸುವ ವ್ಯವಸ್ಥೆ) ಇದ್ದರೆ ತಯಾರಕರ ತಂತ್ರಾಂಶದಲ್ಲಿ ‘ಡಿಸ್ಕ್ರೀಟ್’ ಮಾಡಿ ರೀಸ್ಟಾರ್ಟ್ ಮಾಡಿ.

ಶಾರ್ಪನಿಂಗ್, ಕೊನೆಯಲ್ಲಿ

ಮೇಲಿನದ್ದೆಲ್ಲ ಮುಗಿದ ಮೇಲೂ ಸ್ವಲ್ಪ ಮೆತ್ತಗೆ ಅನ್ನಿಸಿದರೆ ಆಗ ಈ ಸ್ಲೈಡರ್. ಗೇಮ್‌ನೊಳಗಿನದು ಮೊದಲ ಆಯ್ಕೆ, ಅದು ಸಾಮಾನ್ಯವಾಗಿ ಮ್ಯಾಪ್, ಅಕ್ಷರಗಳು ಬರುವ ಮೊದಲೇ ಕೆಲಸ ಮಾಡುತ್ತದೆ. ರೇಡಿಯಾನ್ ಇಮೇಜ್ ಶಾರ್ಪನಿಂಗ್, ಎನ್‌ವಿಡಿಯಾ ಡ್ರೈವರ್‌ನ ಶಾರ್ಪನಿಂಗ್ ಎರಡೂ ಸಿದ್ಧವಾದ ಫ್ರೇಮ್ ಮೇಲೆ ಓಡುವುದರಿಂದ ಅಕ್ಷರದ ಅಂಚೂ ಸುಟ್ಟಂತಾಗುತ್ತದೆ. 2019ರಲ್ಲಿ ಎಎಮ್‌ಡಿ ಮುಕ್ತವಾಗಿ ಕೊಟ್ಟ ಸಿಎಎಸ್ ಎಂಬ ಶಾರ್ಪನಿಂಗ್ ತಂತ್ರ ಈಗಾಗಲೇ ಚೂಪಿರುವ ಅಂಚನ್ನು ಕಡಿಮೆ ಮುಟ್ಟಿ ಮೆತ್ತಗಿನ ಜಾಗವನ್ನು ಹೆಚ್ಚು ಎತ್ತುತ್ತದೆ. ಲುಮಾಶಾರ್ಪನ್ ಎಂಬ ಇನ್ನೊಂದು ಫಿಲ್ಟರ್‌ಗಿಂತ ಟೆಕ್ಸ್ಚರ್‌ಗೆ ಇದೇ ವಾಸಿ. ರೀಶೇಡ್ ಎಂಬ ತಂತ್ರಾಂಶದ ಮೂಲಕ ಯಾವ ಕಾರ್ಡ್‌ನಲ್ಲೂ ಹಾಕಬಹುದು: ಇನ್‌ಸ್ಟಾಲರ್‌ಗೆ ಗೇಮ್‌ನ ಕಡತ ತೋರಿಸಿ, ಸರಿಯಾದ ಎಪಿಐ (ಡೈರೆಕ್ಟ್‌ಎಕ್ಸ್, ವಲ್ಕನ್ ಇತ್ಯಾದಿ) ಆರಿಸಿ, ಗೇಮ್‌ನಲ್ಲಿ ಹೋಮ್ ಕೀ ಒತ್ತಿದರೆ ಮೆನು ತೆರೆಯುತ್ತದೆ. ವ್ಯಾಲರಂಟ್‌ನಂಥ ಆ್ಯಂಟಿ–ಚೀಟ್ ಇರುವ ಆನ್‌ಲೈನ್ ಗೇಮ್‌ಗೆ ಮಾತ್ರ ಹಾಕಬೇಡಿ; ಅದರಲ್ಲಿ ‘ಇಂಪ್ರೂವ್ ಕ್ಲಾರಿಟಿ’, ‘ಎಕ್ಸ್‌ಪೆರಿಮೆಂಟಲ್ ಶಾರ್ಪನಿಂಗ್’ ಒಳಗೇ ಇವೆ.

20–30 ಶೇಕಡಾದಿಂದ ಶುರು ಮಾಡಿ, ಆಕಾಶದ ಎದುರಿಗಿರುವ ತಂತಿ ಅಥವಾ ಕೊಂಬೆ ನೋಡುತ್ತ ಏರಿಸಿ. ಬಿಳಿ ಅಂಚು ಕಂಡ ಕೂಡಲೇ ಎರಡು ಮೆಟ್ಟಿಲು ಇಳಿಸಿ. ಎರಡು ಕಡೆ ಶಾರ್ಪನಿಂಗ್ ಆನ್ ಇಡಬೇಡಿ. ಗೇಮ್‌ನದು, ಡ್ರೈವರ್‌ನದು, ಟೀವಿಯದು ಮೂರೂ ಸೇರಿ ಹಾಳಾದ ಚಿತ್ರವನ್ನು ‘ಗೇಮೇ ಕಳಪೆ’ ಎಂದು ಬೈಯುವವರು ಕಡಿಮೆಯಿಲ್ಲ. ಎಫ್‌ಎಸ್‌ಆರ್‌ನ ಒಳಗಿನ ಶಾರ್ಪನಿಂಗ್ ಆದ ಮೂಲ ಆರ್‌ಸಿಎಎಸ್‌ನಲ್ಲಿ 0 ಅಂದರೆ ಅತಿ ಹೆಚ್ಚು ಚೂಪು. ಕಡತ ತಿದ್ದುವವರು ದಿಕ್ಕು ನೋಡಿಕೊಳ್ಳಿ.

ಟೆಕ್ಸ್ಚರ್ ಪ್ಯಾಕ್, ಮಾಡ್

ಹಳೆಯ ಗೇಮ್‌ನಲ್ಲಿ ಮೂಲ ಚಿತ್ರವೇ 512×512 ಆಗಿದ್ದರೆ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು, ಹೊಸ ಟೆಕ್ಸ್ಚರ್ ಬೇಕು. ಕಂಪನಿಯೇ ಕೊಟ್ಟ ಪ್ಯಾಕ್ ಇದ್ದರೆ ಅದು ಸುರಕ್ಷಿತ, ಆದರೆ ಗಾತ್ರ ನೋಡಿ: 2017ರಲ್ಲಿ ಬಂದ ಫಾಲ್‌ಔಟ್ 4ರ ಹೈ ರೆಸೊಲ್ಯೂಶನ್ ಪ್ಯಾಕ್ 58 ಜಿಬಿ. ಆಟಗಾರರು ಕೈಯಿಂದ ಮಾಡಿದ ಮಾಡ್‌ಗೂ ಎಐನಿಂದ ಹಿಗ್ಗಿಸಿದ್ದಕ್ಕೂ ಅಂತರವಿದೆ. ಕಲ್ಲು, ಮಣ್ಣು, ಮರಕ್ಕೆ ಎಐ ಪರವಾಗಿಲ್ಲ. ಬೋರ್ಡ್ ಮೇಲಿನ ಬರಹ, ಮುಖಗಳು ಕರಗಿದಂತಾಗುತ್ತವೆ.

ಇನ್‌ಸ್ಟಾಲ್ ಮಾಡಿದ ಮೇಲೆ ದೂರದ ಬೆಟ್ಟ ಮಿಣಮಿಣ ಅಂದರೆ ಆ ಪ್ಯಾಕ್‌ನಲ್ಲಿ ಮಿಪ್‌ಮ್ಯಾಪ್ ಇಲ್ಲ. ಬಣ್ಣ ಸ್ಪಷ್ಟವಾಗಿದ್ದೂ ಬೆಳಕು ಬಿದ್ದಾಗ ಚಪ್ಪಟೆ ಅನ್ನಿಸಿದರೆ ನಾರ್ಮಲ್ ಮ್ಯಾಪ್ ಹಳೆಯದೇ ಉಳಿದಿದೆ. 2011ರ ಸ್ಕೈರಿಮ್ ಡೈರೆಕ್ಟ್‌ಎಕ್ಸ್ 9ರದು; ಅದಕ್ಕೆ ಬಿಸಿ7 ಅರ್ಥವಾಗದು, ಹಳೆಯ ಕಂಪ್ರೆಶನ್‌ಗಳಾದ ಡಿಎಕ್ಸ್‌ಟಿ1 ಅಥವಾ ಡಿಎಕ್ಸ್‌ಟಿ5ರ ಪ್ಯಾಕ್ ಬೇಕು. 2016ರ ಸ್ಪೆಷಲ್ ಎಡಿಶನ್‌ಗೆ ಆ ತೊಡಕಿಲ್ಲ. 32 ಬಿಟ್‌ನ ಗೇಮ್‌ಗಳಿಗೆ ನಿಮ್ಮಲ್ಲಿ 32 ಜಿಬಿ ರ‍್ಯಾಮ್ ಇದ್ದರೂ 4 ಜಿಬಿಗಿಂತ ಹೆಚ್ಚು ಬಳಸಲು ಬಾರದು. ಎಲ್ಲ ಕಡೆ 4096ರ ಪ್ಯಾಕ್ ತುಂಬಿದರೆ ಸಂದೇಶವೂ ಇಲ್ಲದೆ ಡೆಸ್ಕ್‌ಟಾಪ್‌ಗೆ ಬಂದು ಬೀಳುತ್ತೀರಿ. ನೆಲ, ಗೋಡೆಗೆ 2048, ಕೈಯಲ್ಲಿ ಹಿಡಿಯುವ ಆಯುಧಕ್ಕೆ 4096, ಬಟ್ಟಲು ಬುಟ್ಟಿಗಳಿಗೆ 1024 ಎಂದು ಹಂಚುವುದು ಒಳ್ಳೆಯದು.

ಫೋನ್‌ನಲ್ಲಿ

ಬಿಜಿಎಂಐ ಆಡುವವರಿಗೆ ಆಯ್ಕೆ ಹೆಚ್ಚಿಲ್ಲ. ‘ಸ್ಮೂತ್’ನಿಂದ ‘ಎಚ್‌ಡಿ’ಗೆ ಏರಿದರೆ ಟೆಕ್ಸ್ಚರ್ ಸುಧಾರಿಸುತ್ತದೆ, ಆದರೆ ಹೆಚ್ಚಿನ ಫೋನ್‌ಗಳಲ್ಲಿ ಅತ್ಯಧಿಕ ಫ್ರೇಮ್ ರೇಟ್ ಆಯ್ಕೆ ಕೈತಪ್ಪುತ್ತದೆ. ಪೈಪೋಟಿಗೆ ಆಡುವವರು ಫ್ರೇಮ್ ರೇಟ್ ಹಿಡಿಯುವುದೇ ಸರಿ, ಚಲಿಸುವ ಎದುರಾಳಿಯನ್ನು ಗುರುತಿಸಲು ಅದೇ ಹೆಚ್ಚು ನೆರವಾಗುತ್ತದೆ. ಗೇಮ್ ಕೊಡದ ರೆಸೊಲ್ಯೂಶನ್ ಕೊಡುತ್ತೇವೆ ಎನ್ನುವ ಜಿಎಫ್‌ಎಕ್ಸ್ ಟೂಲ್‌ಗಳನ್ನು ಹಾಕಬೇಡಿ. ಅವು ಗೇಮ್‌ನ ಕಡತ ತಿದ್ದುತ್ತವೆ, ಅಕೌಂಟ್ ಬ್ಯಾನ್ ಆದರೆ ಹೋದದ್ದು ನಿಮ್ಮದು. ಅರ್ಧ ಗಂಟೆ ಆಡಿದ ಮೇಲೆ ಮಾತ್ರ ಚಿತ್ರ ಮಬ್ಬಾಗುತ್ತಿದ್ದರೆ ಫೋನ್ ಬಿಸಿಯಾಗಿ ವೇಗ ಇಳಿಸುತ್ತಿರಬಹುದು. ದಪ್ಪ ಕವರ್ ತೆಗೆದು, ಚಾರ್ಜರ್ ಕಳಚಿ ಆಡಿ ನೋಡಿ.